ಅವ್ವನಿಗೆ ಬ್ರೆಜಿಲ್ ಕಾಮಿಡಿ ತೋರಿಸೋದು ಹೇಗೆ

ನಮ್ಮ ಅವ್ವನಿಗೆ ಇಂಗ್ಲಿಷ್ ಓದಲು ಬರೋದಿಲ್ಲ. ಕಲಬುರಗಿಯ ಬೇಸಿಗೆ, ಮಧ್ಯಾಹ್ನ ಹೊರಗೆ ಕಾಲಿಡೋ ಹಾಗಿಲ್ಲ. ಕೂಲರ್ ಮುಂದೆ ಕೂರಿಸಿ, ಇಂಗ್ಲಿಷ್ ಸಬ್‌ಟೈಟಲ್ ಇರೋ ಬ್ರೆಜಿಲ್ ಕಾಮಿಡಿ ಸಿನಿಮಾ ಹಾಕಿದೆ. ಇಪ್ಪತ್ತೇ ನಿಮಿಷಕ್ಕೆ ಎದ್ದು ತೊಗರಿಬೇಳೆ ಹಸನು ಮಾಡಲು ಹೋದಳು.

ತಪ್ಪು ನನ್ನದೇ. ನಾನು ಹಾಕಿದ್ದು 1954ರದು, ಬೈಬಲ್ಲಿನ ಸ್ಯಾಮ್ಸನ್ ಕಥೆಯ ಹಾಲಿವುಡ್ ಸಿನಿಮಾವನ್ನು ಅಣಕಿಸೋದು. ಮೂಲವನ್ನೇ ನೋಡದವರಿಗೆ ಅಣಕ ಹೇಗೆ ಹತ್ತಬೇಕು?

ಹಾಗಾಗಿ ಮೊದಲು ಕಥೆ ನಡೆಯೋ ಊರು ನಮ್ಮೂರಿನ ಹಾಗಿದೆಯಾ ಅಂತ ನೋಡಿ ಸಿನಿಮಾ ಆರಿಸಿ. ನನಗೆ ಕೈಹಿಡಿದದ್ದು 2000ದ 'ಔತು ದ ಕೊಂಪದೆಸೀದ'. ಅರಿಯಾನೊ ಸುವಸ್ಸೂನಾ 1955ರಲ್ಲಿ ಬರೆದ ನಾಟಕವನ್ನು ಗೆಲ್ ಅರಾಯಸ್ ಸಿನಿಮಾ ಮಾಡಿದ್ದಾರೆ. ಬ್ರೆಜಿಲ್‌ನ ಈಶಾನ್ಯದ ಒಣನಾಡು. ಬರ, ಬಡತನ, ಗುಡಿಯಂಥ ಒಂದು ಚರ್ಚು, ಹೊಟ್ಟೆಪಾಡಿಗೆ ಸುಳ್ಳು ಹೇಳೋ ಜುವಾಂವ್ ಗ್ರಿಲು. ಅವನನ್ನು ನೋಡಿದ ಕೂಡಲೇ ಅವ್ವ, "ಇವ ಭಾಳ ಬೆರಕಿ ಅದಾನ" ಅಂದಳು. ಅರ್ಧ ಕೆಲಸ ಅಲ್ಲೇ ಮುಗೀತು.

ಮೊದಲು ನೀವೊಬ್ಬರೇ ಪೂರ್ತಿ ನೋಡಿ. ಸಬ್‌ಟೈಟಲ್ ಮಾತಿಗಿಂತ ಮುಂದೆ ಓಡ್ತಿದ್ರೆ ಕಂಪ್ಯೂಟರಿನ ವಿಎಲ್‌ಸಿ ವಿಡಿಯೊ ಪ್ಲೇಯರಿನಲ್ಲಿ ಎಚ್ ಕೀ ಒತ್ತಿ, ಹಿಂದೆ ಬಿದ್ದಿದ್ರೆ ಜಿ. ಡಬ್ಬಿಂಗ್ ಬೇಡ, ಪೋರ್ಚುಗೀಸ್ ದನಿಯೇ ಇರಲಿ. ಮಾತಿನ ಕೊನೆಗೆ ಅವರು "ನೆ?" ಅಂತಾರೆ. ನಮ್ಮ "ಅಲ್ವಾ?" ಥರಾನೇ. ಎರಡು ದೃಶ್ಯ ಮುಗಿಯೋದರೊಳಗೆ ಅವ್ವ ಅದನ್ನು ಹಿಡಿದಿದ್ದಳು.

ಇನ್ನು ಹೇಳೋ ಕೆಲಸ. ಸಾಲು ಸಾಲು ಅನುವಾದ ಮಾಡಬೇಡಿ, ನಗೆ ಸತ್ತೇ ಹೋಗುತ್ತೆ. ನಾಯಿ ಸತ್ತ ದೃಶ್ಯ ನೋಡಿ. ಬೇಕರಿಯವನ ಹೆಂಡತಿಗೆ ತನ್ನ ನಾಯಿಯನ್ನು ಲ್ಯಾಟಿನ್ ಮಂತ್ರ ಹೇಳಿಯೇ ಮಣ್ಣು ಮಾಡಿಸಬೇಕು. ಪಾದ್ರಿ ಒಲ್ಲೆ ಅಂತಾನೆ. ಆಗ ಗ್ರಿಲು, ನಾಯಿ ಸಾಯೋ ಮುಂಚೆ ಪಾದ್ರಿಗೆ ದುಡ್ಡು ಬರೆದಿಟ್ಟಿದೆ ಅಂತ ಬಿಡುತ್ತಾನೆ. ನಾನು "ನಾಯಿ ಸ್ವಾಮಿಗೆ ರೊಕ್ಕ ಬರೆದಿಟ್ಟದಂತ" ಅಂದು ಬಾಯಿ ಮುಚ್ಚಿದೆ. ಮಿಕ್ಕಿದ್ದು ಪಾದ್ರಿಯ ಮುಖವೇ ಹೇಳಿತು. ಸಬ್‌ಟೈಟಲ್ ನಿಮಗೆ ಮೊದಲೇ ಕಾಣುತ್ತೆ, ನಗು ತಡೆದುಕೊಳ್ಳಿ. ನೀವು ಮೊದಲೇ ನಕ್ಕರೆ ಪಕ್ಕದವರಿಗೆ ಏನೂ ಉಳಿಯೋದಿಲ್ಲ.

ಗ್ರಿಲುವಿನ ಗೆಳೆಯ ಶಿಕೋ ಅಂತ ಒಬ್ಬನಿದ್ದಾನೆ. ನಂಬಲಾಗದ ಕಥೆ ಬಿಡುತ್ತಾನೆ, ಹೇಗಾಯ್ತು ಅಂತ ಕೇಳಿದರೆ ಪ್ರತಿಸಲ ಒಂದೇ ಉತ್ತರ. ನಾನು ಅದನ್ನು "ನನಗೆ ತಿಳಿಯದು, ಹೀಗೆ ನಡೆಯಿತೆಂದಷ್ಟೇ ಬಲ್ಲೆ" ಅಂತ ಹೇಳಿದೆ. ಪಠ್ಯಪುಸ್ತಕ! ಅವ್ವ ಮಿಸುಕಲಿಲ್ಲ. ಮುಂದಿನ ಸಲ "ಅದೆಲ್ಲ ಗೊತ್ತಿಲ್ಲ, ಆಗಿದ್ದಂತೂ ಹಂಗ" ಅಂದೆ. ಆಮೇಲೆ ಅವನು ಬಾಯಿ ತೆರೆದಾಗಲೆಲ್ಲ ಅವ್ವನೇ ನನಗಿಂತ ಮೊದಲು ಹೇಳತೊಡಗಿದಳು. ಮನೆಯ ಮಾತಲ್ಲಿ ಹೇಳಿ, ಬರಹದ ಕನ್ನಡದಲ್ಲಿ ಬೇಡ.

ಕೊನೆಯ ಭಾಗಕ್ಕೆ ಮುಂಚೆ ಚಹಾ ಮಾಡಿ ಇಟ್ಟುಕೊಳ್ಳಿ. ಅಲ್ಲಿ ಸತ್ತವರ ವಿಚಾರಣೆ ನಡೆಯುತ್ತೆ, ಮಾತು ಜಾಸ್ತಿ, ನಿಲ್ಲಿಸಿ ನಿಲ್ಲಿಸಿ ಹೇಳಲೇಬೇಕು. ಸೈತಾನ ಆರೋಪ ಹೊರಿಸುತ್ತಾನೆ, ಯೇಸು ನ್ಯಾಯಾಧೀಶ, ಬಡವರ ಪರ ವಾದಿಸೋಕೆ ಮಾತೆ ಮೇರಿ ಬರುತ್ತಾಳೆ. ಆ ಪಾತ್ರ ಫರ್ನಾಂಡಾ ಮೊಂಟೆನೆಗ್ರೊ ಅವರದು. ಅವ್ವ ಚಹಾ ಬಸಿ ಕೆಳಗಿಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು, "ವಕೀಲಕಿ ಚಲೋ ಸಿಕ್ಕಾಳ ಬಿಡು" ಅಂದಳು.