ಮಸ್ಸೂರಿಯ ಸವಾಯ್ ಹೋಟೆಲಿನಲ್ಲಿ ಒಂದು ರಾತ್ರಿ: ವಿಚಿತ್ರ ಅನುಭವಗಳನ್ನು ಗಮನಿಸಿ ಬರೆದಿಡುವ ಕ್ರಮ

ಮಸ್ಸೂರಿಯ ಸವಾಯ್ ಹೋಟೆಲಿನಲ್ಲಿ ತಂಗಿ, ಅಲ್ಲಿ ಓಡಾಡುತ್ತದೆ ಎನ್ನಲಾಗುವ ಪ್ರೇತದ ಮಾತನ್ನು ಖುದ್ದಾಗಿ ಪರೀಕ್ಷಿಸಬೇಕೆನ್ನುವವರು ಮೊದಲು ದಾಖಲೆಯನ್ನೂ ದಂತಕಥೆಯನ್ನೂ ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು. ಲಖನೌದ ಬ್ಯಾರಿಸ್ಟರ್ ಸೆಸಿಲ್ ಲಿಂಕನ್ ಕಟ್ಟಿಸಿದ ಈ ಹೋಟೆಲು 1902ರಲ್ಲಿ ತೆರೆಯಿತು. 1905ರ ಕಾಂಗ್ಡಾ ಭೂಕಂಪದಲ್ಲಿ ಪೆಟ್ಟು ತಿಂದು, ದುರಸ್ತಿಯಾಗಿ ಮತ್ತೆ ನಡೆಯಿತು. 1911ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್ ಗಾರ್ನೆಟ್-ಆರ್ಮ್ ಎಂಬ 49 ವರ್ಷದ ಇಂಗ್ಲಿಷ್ ಮಹಿಳೆ ಇಲ್ಲಿನ ತಮ್ಮ ಕೊಠಡಿಯಲ್ಲಿ ಮೃತಪಟ್ಟರು. ಸಾವಿಗೆ ಕಾರಣ ಪ್ರೂಸಿಕ್ ಆಮ್ಲ, ಅಂದರೆ ಸೈನೈಡ್ ಜಾತಿಯ ವಿಷ, ಎಂದು ತಿಳಿದುಬಂತು. ಅವರೂ ಅವರ ಜೊತೆಗಾತಿ ಈವಾ ಮೌಂಟ್‌ಸ್ಟೀಫನ್ ಅವರೂ ಸತ್ತವರೊಡನೆ ಮಾತಾಡಬಹುದೆಂದು ನಂಬಿ, ಸ್ಫಟಿಕದ ಗೋಳದಲ್ಲಿ ದೃಷ್ಟಿ ನೆಟ್ಟು ಕೂರುತ್ತಿದ್ದವರು. ಔಷಧಿಯಲ್ಲಿ ವಿಷ ಬೆರೆಸಿದ ಆರೋಪದ ಮೇಲೆ ಈವಾ ಅವರ ವಿಚಾರಣೆ ಅಲಹಾಬಾದಿನಲ್ಲಿ ನಡೆದು ಅವರು ಖುಲಾಸೆಯಾದರು. ವಿಷವಿಟ್ಟವರು ಯಾರೆಂಬುದು ಇತ್ಯರ್ಥವಾಗಲೇ ಇಲ್ಲ. ದಾಖಲೆ ನಿಲ್ಲುವುದು ಇಲ್ಲಿಗೆ. ಕೊಂದವರನ್ನು ಹುಡುಕುತ್ತ ಆಕೆ ಇಂದಿಗೂ ಕಾರಿಡಾರುಗಳಲ್ಲಿ ಅಲೆಯುತ್ತಾಳೆಂಬುದು ಆ ಮೇಲೆ ಬೆಳೆದ ಮಾತು.

ಇಷ್ಟು ತಿಳಿದ ಮೇಲೆ, ಹೆಚ್ಚಿನದನ್ನು ಓದದಿರುವುದೇ ಲೇಸು. ಯಾವ ಕೊಠಡಿ, ಯಾವ ಮೂಲೆ, ಎಷ್ಟು ಗಂಟೆ ಎಂಬ ವಿವರಗಳನ್ನು ಹೋಗುವ ಮುನ್ನ ಹುಡುಕಬೇಡಿ. ಸಿಬ್ಬಂದಿಯನ್ನು ಕೇಳುವುದನ್ನೂ ಮರುದಿನ ಬೆಳಗಿಗೆ ಇಟ್ಟುಕೊಳ್ಳಿ. ಲ್ಯಾಂಗ್ ಮತ್ತು ಹೌರನ್ ಎಂಬ ಸಂಶೋಧಕರು ಪಾಳುಬಿದ್ದ ರಂಗಮಂದಿರವೊಂದರಲ್ಲಿ ಕೆಲವರನ್ನು ಸುತ್ತಾಡಿಸಿ, ಅರ್ಧ ಜನಕ್ಕೆ ಅಲ್ಲಿ ದೆವ್ವದ ಕಾಟವಿದೆಯೆಂದೂ ಉಳಿದವರಿಗೆ ದುರಸ್ತಿ ನಡೆಯುತ್ತಿದೆಯೆಂದೂ ಹೇಳಿದ್ದರು. 1997ರಲ್ಲಿ ಪ್ರಕಟವಾದ ಅವರ ವರದಿಯಂತೆ, ವಿಚಿತ್ರ ಅನುಭವಗಳನ್ನು ಹೆಚ್ಚಾಗಿ ಹೇಳಿದವರು ಮೊದಲ ಗುಂಪಿನವರು. ಈ ಬರಹವನ್ನು ಓದುತ್ತಿರುವ ನೀವು ಆಗಲೇ ಅರ್ಧ ಆ ಗುಂಪಿಗೆ ಸೇರಿದ್ದೀರಿ. ಆದ್ದರಿಂದ ಕಥೆ ಕೇಳಿರದ ಒಬ್ಬರನ್ನು ಜೊತೆಗೆ ಕರೆದೊಯ್ಯುವುದು ಯಾವ ಉಪಕರಣಕ್ಕಿಂತಲೂ ಹೆಚ್ಚು ಪ್ರಯೋಜನಕಾರಿ. ಇಬ್ಬರೂ ಬೇರೆಬೇರೆ ಪುಸ್ತಕಗಳಲ್ಲಿ ಬರೆಯಬೇಕು, ಬೆಳಗಾಗುವವರೆಗೆ ಒಬ್ಬರದನ್ನು ಇನ್ನೊಬ್ಬರು ನೋಡಬಾರದು.

ಬರೆಯುವ ಕ್ರಮದಲ್ಲಿ ಒಂದೇ ಕಟ್ಟುನಿಟ್ಟು: ಎಡಪುಟದಲ್ಲಿ ಗಂಟೆ, ನೀವಿದ್ದ ಜಾಗ, ಕಂಡದ್ದು ಅಥವಾ ಕೇಳಿದ್ದು ಮಾತ್ರ ಇರಲಿ, ಅದೇನಿರಬಹುದೆಂಬ ಊಹೆ ಬಲಪುಟಕ್ಕೆ, ಅದೂ ಮರುದಿನ. ‘ಬಾಗಿಲ ಹೊರಗೆ ಹೆಂಗಸೊಬ್ಬಳು ನಡೆದಳು’ ಎಂಬುದು ಊಹೆ. ‘2 ಗಂಟೆ 10 ನಿಮಿಷಕ್ಕೆ ಎಡದಿಂದ ಬಲಕ್ಕೆ ಆರೇಳು ಸಲ ಮರ ಕಿರುಗುಟ್ಟಿತು’ ಎಂಬುದು ಎಡಪುಟಕ್ಕೆ ಸಲ್ಲುವ ಮಾತು.

ಹಗಲಿರುವಾಗಲೇ ಹೋಟೆಲು ಸೇರಿ ಕೊಠಡಿಯನ್ನು ಪರಿಶೀಲಿಸಬೇಕು. ಊದುಬತ್ತಿಯೊಂದನ್ನು ಹಚ್ಚಲು ಅನುಮತಿ ದೊರೆತರೆ, ಕಿಟಕಿ, ಬಾಗಿಲಿನ ಸಂದು, ಹಳೆಯ ಚಿಮಣಿಯ ಬಾಯಿ ಇವುಗಳ ಬಳಿ ಅದರ ಹೊಗೆ ಎತ್ತ ವಾಲುತ್ತದೆ ನೋಡಿ. ರಾತ್ರಿ ತಟ್ಟನೆ ಮೈಗೆ ತಾಗುವ ಚಳಿಯ ದಾರಿ ಬಹುಮಟ್ಟಿಗೆ ಅದೇ. ನೆಲಹಲಗೆಗಳ ಮೇಲೆ ನಡೆದು ಯಾವುದು ಸದ್ದು ಮಾಡುತ್ತದೆಂದು ಗುರುತಿಸಿಕೊಳ್ಳಿ. ಸುಮಾರು 2,000 ಮೀಟರು ಎತ್ತರದ ಊರಿನಲ್ಲಿ ಸಂಜೆಯ ನಂತರ ಉಷ್ಣಾಂಶ ಬೇಗ ಇಳಿಯುವುದರಿಂದ, ಹಗಲೆಲ್ಲ ಹಿಗ್ಗಿದ ಮರವೂ ತಗಡೂ ಕುಗ್ಗುತ್ತ ಸಾಲಾಗಿ ಟಕಟಕ ಎನ್ನುತ್ತವೆ. ಅದು ಹೆಜ್ಜೆಯ ಸಪ್ಪಳದಂತೆಯೇ ಕೇಳುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಲೇಬೇಕು. 1921ರಲ್ಲಿ ಅಮೆರಿಕದ ನೇತ್ರವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ವೃತ್ತಾಂತವನ್ನು ಪ್ರಕಟಿಸಿದರು. ಹಳೆಯ ಮನೆಯೊಂದಕ್ಕೆ ಬಂದ ಮೇಲೆ ಆ ಮನೆಯವರಿಗೆ ಹೆಜ್ಜೆಯ ಸಪ್ಪಳ ಕೇಳತೊಡಗಿತ್ತು, ಅಪರಿಚಿತ ಆಕೃತಿಗಳು ಕಂಡಿದ್ದವು, ತಲೆನೋವು ಮತ್ತು ಸುಸ್ತು ಹತ್ತಿತ್ತು. ಕಾರಣ, ಕೆಟ್ಟುಹೋದ ಕುಲುಮೆಯಿಂದ ಸೋರುತ್ತಿದ್ದ ಕಾರ್ಬನ್ ಮಾನಾಕ್ಸೈಡ್. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಟ್ಟದೂರುಗಳ ಹಳೆಯ ಬಂಗಲೆಗಳಲ್ಲಿ ಚಳಿಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೇ ಇಟ್ಟುಕೊಳ್ಳುವ ರೂಢಿ ಇರುವುದರಿಂದ, ಇದೇ ಪ್ರಯೋಗವನ್ನು ಅಂಥ ಕಡೆ ಮಾಡುವವರು ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಕೈಯಲ್ಲಿ ಕೊಂಡೊಯ್ಯಬೇಕು. ಯಾರೋ ಇದ್ದಾರೆಂಬ ಭಾವನೆಯೊಂದಿಗೆ ತಲೆನೋವು, ವಾಕರಿಕೆ ಬಂದರೆ ಬರೆಯುತ್ತ ಕೂರದೆ, ಜೊತೆಯವರನ್ನೂ ಎಬ್ಬಿಸಿಕೊಂಡು ಬಯಲಿಗೆ ಬನ್ನಿ.

ರಾತ್ರಿಯ ಮಟ್ಟಿಗೆ ನಿದ್ದೆಯೇ ಮುಖ್ಯ ವಿಷಯ. ಬೆಂಗಳೂರಿನಿಂದ ನಸುಕಿನ ವಿಮಾನ ಹಿಡಿದು, ಡೆಹ್ರಾಡೂನಿನಿಂದ ತಿರುವುಗಳ ದಾರಿಯಲ್ಲಿ ಹತ್ತಿ ಬಂದವರು ಅದೇ ರಾತ್ರಿ ಜಾಗರಣೆ ಕೂತರೆ ಸಿಗುವುದು ಆಯಾಸದ ದಾಖಲೆಯೇ ಹೊರತು ಹೋಟೆಲಿನದಲ್ಲ. ಹೊಸ ಜಾಗದಲ್ಲಿ ಮೊದಲ ರಾತ್ರಿ ಗಾಢನಿದ್ದೆಯಲ್ಲಿಯೂ ಮಿದುಳಿನ ಎಡಭಾಗದ ಕೆಲವು ಜಾಲಗಳು ಹೆಚ್ಚು ಎಚ್ಚರವಾಗಿದ್ದು ಸಣ್ಣ ಸದ್ದಿಗೂ ಸ್ಪಂದಿಸುತ್ತವೆ ಎಂದು ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಹಾಗಾಗಿ ಎರಡು ರಾತ್ರಿ ತಂಗುವುದು ಉತ್ತಮ. ಎರಡನೆಯ ರಾತ್ರಿಯ ಪುಟಗಳಿಗೇ ಹೆಚ್ಚು ಬೆಲೆ. ನಿದ್ದೆಗೆಟ್ಟು ಅಂಗಾತ ಮಲಗಿದವರಿಗೆ ಕೆಲವೊಮ್ಮೆ ಎಚ್ಚರವಾದರೂ ಕೈಕಾಲು ಅಲುಗಾಡದೆ, ಎದೆಯ ಮೇಲೆ ಯಾರೋ ಕೂತು ಅದುಮಿದಂತೆ, ಮೂಲೆಯಲ್ಲಿ ಯಾರೋ ನಿಂತಂತೆ ಅನ್ನಿಸುತ್ತದೆ. ಕನಸಿನ ಹಂತದಲ್ಲಿ ಸ್ನಾಯುಗಳಿಗೆ ಬೀಳುವ ಬೀಗ, ಎಚ್ಚರವಾದ ಮೇಲೂ ತೆರೆಯಲು ತಡಮಾಡಿದಾಗ ಹೀಗಾಗುತ್ತದೆ. ಪಕ್ಕಕ್ಕೆ ತಿರುಗಿ ಮಲಗುವುದು, ಮದ್ಯವನ್ನು ಬಿಡುವುದು, ಇವೆರಡು ಮುಂಜಾಗ್ರತೆ ಸಾಕು.

ಮಂಕು ದೀಪದಲ್ಲಿ ಹಳೆಯ ಕನ್ನಡಿಯನ್ನು ದಿಟ್ಟಿಸುವುದನ್ನು ಬೇಕೆಂದೇ ಮಾಡಿದರೆ ಅದನ್ನು ಪ್ರತ್ಯೇಕವಾಗಿ ನಮೂದಿಸಿ. ಇಟಲಿಯ ಜಿಯೊವಾನಿ ಕಪುಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹತ್ತು ನಿಮಿಷ ಹೀಗೆ ನೋಡಿದ 50 ಜನರ ಪೈಕಿ 66 ಶೇಕಡಾ ಮಂದಿಗೆ ತಮ್ಮ ಮುಖವೇ ವಿಕಾರವಾಗಿ ಕಂಡಿತ್ತು; ಕೆಲವರಿಗೆ ತೀರಿಹೋದ ಹಿರಿಯರ ಮುಖ, ಅಪರಿಚಿತರ ಮುಖ ಕಂಡಿತ್ತು. ಗಾರ್ನೆಟ್-ಆರ್ಮ್ ಅವರು ಸ್ಫಟಿಕದಲ್ಲಿ ಏನನ್ನು ಕಂಡರೋ ಅದನ್ನು ಸುಳ್ಳೆಂದು ತಳ್ಳುವ ಅಗತ್ಯವಿಲ್ಲವೆಂದು ನನಗನ್ನಿಸುವುದು ಈ ಕಾರಣದಿಂದ. ಕಾಣುವುದು ನಿಜ, ಅದು ಎಲ್ಲಿಂದ ಬಂತೆಂಬುದಷ್ಟೇ ಪ್ರಶ್ನೆ. ಕಣ್ಣಂಚಿನಲ್ಲಿ ಬೂದುಬಣ್ಣದ ಆಕೃತಿ ಸುಳಿದರೆ ಹತ್ತಿರದಲ್ಲಿ ದೊಡ್ಡ ಫ್ಯಾನು ಅಥವಾ ಯಂತ್ರ ಓಡುತ್ತಿದೆಯೇ ವಿಚಾರಿಸಿ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಎಂಬ ಎಂಜಿನಿಯರು ಅಂಥದೇ ಆಕೃತಿಯ ಜಾಡು ಹಿಡಿದು, ಕಿವಿಗೆ ಕೇಳದ ಸುಮಾರು 19 ಹರ್ಟ್ಸ್ ಕಂಪನ ಹೊರಡಿಸುತ್ತಿದ್ದ ಫ್ಯಾನೊಂದನ್ನು ತಲುಪಿದ್ದರು. ಆ ವಿವರಣೆ ಎಲ್ಲ ಕಡೆಗೂ ಹೊಂದುತ್ತದೆಂದು ಮಾತ್ರ ತಿಳಿಯಬಾರದು.

ಹೊರಗಿನ ಸದ್ದುಗಳಿಗೆ ಮಲೆನಾಡಿನವರು ಅಷ್ಟಾಗಿ ಬೆಚ್ಚಲಾರರು. ಮಸ್ಸೂರಿಯ ಕಾಡಿನಲ್ಲೂ ಕಾಡುಕುರಿ ನಾಯಿಯಂತೆ ಬೊಗಳುತ್ತದೆ, ಮರದಿಂದ ಮರಕ್ಕೆ ಹಾರುವ ಅಳಿಲುಗಳಿವೆ, ಮಾಡಿನ ಮೇಲೆ ಮುಸಿಯಗಳು ಧಡಧಡ ಓಡುತ್ತವೆ.

ಬೆಳಿಗ್ಗೆ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು, ಇಬ್ಬರೂ ಒಂದೇ ಹೊತ್ತಿಗೆ ಬರೆದ ಸಾಲುಗಳನ್ನು ಮಾತ್ರ ಮೊದಲು ಆರಿಸಿಕೊಳ್ಳಿ. ಅವುಗಳನ್ನು ಹಿಡಿದು ಹಳೆಯ ಸಿಬ್ಬಂದಿಯೊಡನೆ ಮಾತಾಡಿ: ನೀರಿನ ಪಂಪು ಎಷ್ಟು ಹೊತ್ತಿಗೆ ಓಡುತ್ತದೆ, ಕಾವಲಿನವರು ಯಾವಾಗ ಸುತ್ತು ಬರುತ್ತಾರೆ, ಪಕ್ಕದ ಕೊಠಡಿಯಲ್ಲಿ ಜನರಿದ್ದರೇ. ಪ್ರೇತದ ವಿಷಯವನ್ನು ಕಡೆಯಲ್ಲಿ ಕೇಳಿ, ಹೇಳಲು ಒಲ್ಲೆನೆಂದವರನ್ನು ಒತ್ತಾಯಿಸಬೇಡಿ. ರಾತ್ರಿಪಾಳಿ ಮಾಡುವವರಿಗೆ ಅದೇ ಕಾರಿಡಾರಿನಲ್ಲಿ ಮತ್ತೆ ನಡೆಯುವುದಿರುತ್ತದೆ. ಕಾರಣ ಸಿಗದೆ ಉಳಿದ ಸಾಲಿನ ಎದುರು ಬಲಪುಟವನ್ನು ಖಾಲಿ ಬಿಡಿ, ಮತ್ತು ಕೊಠಡಿಯ ಸಂಖ್ಯೆ, ತಿಂಗಳು, ಹವೆ ಇವನ್ನು ಕೆಳಗೆ ಗುರುತು ಹಾಕಿಡಿ. ಮುಂದೊಮ್ಮೆ ಅದೇ ಋತುವಿನಲ್ಲಿ ಅದೇ ಕೊಠಡಿ ಹಿಡಿಯುವವರಿಗೆ ಅದು ಬೇಕಾಗುತ್ತದೆ.