ಕೇಸರಿಬಾತಿಗೆ ಸಕ್ಕರೆ ನಿಜಕ್ಕೂ ಎಷ್ಟು ಬೇಕು?

ನಮ್ಮ ಮನೆಯ ಹಳೇ ಲೆಕ್ಕದಲ್ಲಿ ಕೇಸರಿಬಾತಿಗೆ ಒಂದು ಲೋಟ ರವೆ, ಎರಡು ಲೋಟ ಸಕ್ಕರೆ. ಈಗ ರವೆ ಅಷ್ಟೇ, ಸಕ್ಕರೆ ಒಂದೇ ಲೋಟ. ಒಂದೇ ದಿನಕ್ಕೆ ಆದದ್ದಲ್ಲ. ಮಾಡಿದಾಗಲೆಲ್ಲ ಎರಡು ದೊಡ್ಡ ಚಮಚ ಕಡಿತ, ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮೊದಲ ತುತ್ತಿಗೇ ‘ಸಪ್ಪೆ’ ಅನ್ನುತ್ತಿದ್ದರು.

ಆದ್ದರಿಂದ ಮೊದಲ ಹೆಜ್ಜೆ ಸಕ್ಕರೆಗೆ ಬದಲಿ ಹುಡುಕುವುದಲ್ಲ, ಅಳತೆ ಇಳಿಸುವುದು. ಹೆಚ್ಚಿನ ಸಿಹಿತಿನಿಸುಗಳಲ್ಲಿ ಕಾಲುಭಾಗ ಸಕ್ಕರೆ ತೆಗೆದರೆ ಹದ ಕೆಡುವುದಿಲ್ಲ. ಏಲಕ್ಕಿ ಹೊಸದಾಗಿ ಕುಟ್ಟಿ ಹಾಕಿ, ಚಿಟಿಕೆ ಉಪ್ಪು ಬೆರೆಸಿ. ಇರುವ ಸಿಹಿಯೇ ಎದ್ದು ಕಾಣುತ್ತದೆ.

ಇನ್ನು ಬೆಲ್ಲದ ವಿಷಯ. ‘ಬೆಲ್ಲ ಹಾಕಿದ್ದೇನೆ, ಶುಗರ್ ಇದ್ದವರೂ ತಿನ್ನಬಹುದು’ ಎಂದು ಬಡಿಸುವವರನ್ನು ಮದುವೆಮನೆಗಳಲ್ಲೂ ಕಂಡಿದ್ದೇನೆ. ದಯವಿಟ್ಟು ಹಾಗೆ ಹೇಳಬೇಡಿ. ಬೆಲ್ಲದ ಬಹುಪಾಲು ಸಕ್ಕರೆಯೇ. ಕ್ಯಾಲೊರಿಯಲ್ಲೂ ಎರಡೂ ಹೆಚ್ಚುಕಡಿಮೆ ಒಂದೇ. ಜೇನುತುಪ್ಪವೂ ಇದೇ ಲೆಕ್ಕಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, ಹೀಗೆ ಹೊರಗಿನಿಂದ ಸೇರುವ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಆರು ಚಹಾ ಚಮಚದೊಳಗೆ ಇದ್ದರೆ ಒಳ್ಳೆಯದು. ಹಾಗಿದ್ದರೂ ನಾನು ಬೆಲ್ಲ ಬಳಸುತ್ತೇನೆ. ಅದಕ್ಕೆ ತನ್ನದೇ ಘಮವಿದೆ, ಕಡಿಮೆ ಹಾಕಿದರೂ ನಾಲಿಗೆಗೆ ಸಾಕೆನಿಸುತ್ತದೆ. ಶಿರಸಿ ಕಡೆಯ ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಸಿಕ್ಕಿದರೆ ಇನ್ನೂ ಕಡಿಮೆ ಸಾಕು.

ಶಾವಿಗೆ ಪಾಯಸದಲ್ಲಿ ಬೆಲ್ಲ ಕೈಕೊಡುವುದು ಹಾಲಿನ ಹತ್ತಿರ. ಒಮ್ಮೆ ನೆಂಟರು ಎಲೆ ಮುಂದೆ ಕೂತ ಮೇಲೆ, ಕುದಿಯುವ ಹಾಲಿಗೆ ಬೆಲ್ಲದ ಪುಡಿ ಸುರಿದೆ. ಎರಡೇ ನಿಮಿಷ, ಪಾಯಸ ಒಡೆದು ನೀರು ಬೇರೆ, ಗಸಿ ಬೇರೆ. ಬೆಲ್ಲದಲ್ಲಿ ತುಸು ಹುಳಿಯ ಗುಣವಿದೆ. ಹಾಲು ಬಿಸಿಯಿದ್ದಷ್ಟೂ ಒಡೆಯುವ ಭಯ ಹೆಚ್ಚು. ಈಗ ಮಾಡುವುದು ಹೀಗೆ: ಬೆಲ್ಲವನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ, ಸೋಸಿ (ತಳದಲ್ಲಿ ಮರಳು ಕಂಡರೆ ಆಶ್ಚರ್ಯಪಡಬೇಡಿ), ಪಕ್ಕಕ್ಕಿಟ್ಟು ಆರಿಸುತ್ತೇನೆ. ಶಾವಿಗೆ ಹಾಲಿನಲ್ಲಿ ಬೆಂದ ಮೇಲೆ ಒಲೆ ಆರಿಸಿ, ಪಾತ್ರೆಯನ್ನು ಕೈಯಲ್ಲಿ ಮುಟ್ಟುವಂತಾದಾಗ ಬೆಲ್ಲದ ನೀರನ್ನು ನಿಧಾನವಾಗಿ ಬೆರೆಸುತ್ತೇನೆ. ಆಮೇಲೆ ಮತ್ತೆ ಒಲೆಗಿಡುವಂತಿಲ್ಲ. ಈ ಗೋಜು ಬೇಡವೆಂದರೆ ಹೆಸರುಬೇಳೆ ಪಾಯಸ ಮಾಡಿ, ಕೊನೆಯಲ್ಲಿ ಕಾಯಿಹಾಲು ಹಾಕಿ ಇಳಿಸಿ. ಒಂದು ಮಾತು: ಬಿಸಿಯಲ್ಲಿ ಸಿಹಿ ಹೆಚ್ಚು ತಿಳಿಯುತ್ತದೆ, ತಣ್ಣಗಾದಾಗ ಕಡಿಮೆ. ಸಿಹಿ ಇಳಿಸಿದ ಪಾಯಸವನ್ನು ಉಗುರುಬೆಚ್ಚಗೆ ಬಡಿಸಿ, ಫ್ರಿಜ್ಜಿನಿಂದ ತೆಗೆದು ಅಲ್ಲ.

ಕೇಸರಿಬಾತಿನ ತೊಂದರೆ ಬೇರೆ. ಸಕ್ಕರೆ ಕರಗಿ ಪಾಕವಾಗಿ ರವೆಯನ್ನು ಮೆದುವಾಗಿಡುತ್ತದೆ. ಅದನ್ನು ಅರ್ಧ ಮಾಡಿದರೆ ಬಾತು ಒಣಗಿ ಉಪ್ಪಿಟ್ಟಿನಂತಾಗುತ್ತದೆ. ಇದಕ್ಕೆ ಉಪಾಯ ನಮ್ಮ ಪೂಜೆಯ ಮನೆಯಲ್ಲೇ ಇದೆ. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯಕ್ಕೆ ಬಾಳೆಹಣ್ಣು ಹಾಕುವುದಿಲ್ಲವೇ? ಹಾಗೆಯೇ ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಮೂಡಿದ ಎರಡು ಹಣ್ಣನ್ನು ಹೆಚ್ಚಿ, ತುಪ್ಪದಲ್ಲಿ ಬಾಡಿಸಿ, ರವೆ ಬೆಂದ ಮೇಲೆ ಸೇರಿಸಿ. ಹಣ್ಣಾದಷ್ಟೂ ಬಾಳೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ತೇವವನ್ನೂ ಅದೇ ಕೊಡುತ್ತದೆ. ನೆನಪಿರಲಿ, ರವೆ ಪೂರ್ತಿ ಅರಳಿದ ಮೇಲಷ್ಟೇ ಸಕ್ಕರೆ ಹಾಕಬೇಕು. ಮೊದಲೇ ಬಿದ್ದರೆ ನೀರನ್ನು ಸಕ್ಕರೆ ಹಿಡಿದುಕೊಂಡು ರವೆ ಗಟ್ಟಿಯಾಗಿಯೇ ಉಳಿಯುತ್ತದೆ.

ಮಂಗಳೂರು ಬನ್ಸಿನಲ್ಲಿ ಹಣ್ಣು ಹೇಗೂ ಇದೆ. ಚೆನ್ನಾಗಿ ಕಳಿತದ್ದಾದರೆ ಸಕ್ಕರೆ ಒಂದು ಚಮಚವೂ ಬೇಡ. ಬಣ್ಣ ಮಾತ್ರ ಸ್ವಲ್ಪ ತಿಳಿ ಬರುತ್ತದೆ. ಕೆಂಪಾಗಲಿಲ್ಲವೆಂದು ಎಣ್ಣೆಯಲ್ಲೇ ಬಿಟ್ಟರೆ ಗಟ್ಟಿಯಾಗುತ್ತದೆ, ಉಬ್ಬಿದ ಕೂಡಲೇ ತೆಗೆಯಿರಿ.

ರವೆ ಉಂಡೆಗೆ ಖರ್ಜೂರ ಎಂದು ಎಲ್ಲರೂ ಹೇಳುತ್ತಾರೆ. ಮೆತ್ತನೆ ಖರ್ಜೂರ ರುಬ್ಬಿ ಹಾಕಿದರೆ ಉಂಡೆ ಚೆನ್ನಾಗಿಯೇ ಕಟ್ಟುತ್ತದೆ, ಆದರೆ ತೇವದಿಂದ ಹೆಚ್ಚು ದಿನ ಬಾಳುವುದಿಲ್ಲ, ಫ್ರಿಜ್ಜಿನಲ್ಲೇ ಇಡಬೇಕು. ನನ್ನ ಆಯ್ಕೆ ಉತ್ತುತ್ತೆ. ಬೀಜ ತೆಗೆದು, ಬಿಸಿಲಿಗೆ ಇಟ್ಟು, ಮಿಕ್ಸಿಯಲ್ಲಿ ಪುಡಿ ಮಾಡಿ, ಜರಡಿ ಹಿಡಿದು, ಸಕ್ಕರೆ ಪುಡಿ ಹಾಕುವಂತೆಯೇ ಹಾಕಿ. ಬಿಸಿ ತುಪ್ಪ ಒಂದು ಚಮಚ ಹೆಚ್ಚು ಬೇಕಾಗುತ್ತದೆ. ನಾರಿನಂಶ ಸಿಗುತ್ತದೆ, ನಿಜ. ಆದರೆ ಇದರ ತೂಕದಲ್ಲೂ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ, ಉಂಡೆಯ ಗಾತ್ರ ನಿಂಬೆಹಣ್ಣಿನಷ್ಟಿದ್ದರೆ ಸಾಕು.

ಸಕ್ಕರೆಗೆ ಬದಲಿಯಾಗಿ ಅಂಗಡಿಯಲ್ಲಿ ಸಿಗುವ ಸಿಹಿ ಗುಳಿಗೆಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅವುಗಳಲ್ಲಿ ಒಂದಾದ ಆಸ್ಪರ್ಟೇಮ್ ಬಿಸಿಗೆ ಸಿಹಿ ಕಳೆದುಕೊಳ್ಳುತ್ತದೆ, ಕುದಿಸುವ ಅಡುಗೆಗೆ ಆಗದು. ಸ್ಟೀವಿಯಾ ಬಿಸಿ ತಡೆಯುತ್ತದೆ, ಆದರೆ ಕೊನೆಗೆ ನಾಲಿಗೆಯಲ್ಲಿ ಸಣ್ಣ ಕಹಿ. ತೂಕ ಇಳಿಸಲೆಂದು ಇಂಥವನ್ನು ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ.

ಮೈಸೂರು ಪಾಕ್ ತಂಟೆಗೆ ಹೋಗಬೇಡಿ. ಅದು ನಿಂತಿರುವುದೇ ಎಳೆಪಾಕದ ಮೇಲೆ. ಸಕ್ಕರೆ ತೆಗೆದರೆ ಉಳಿಯುವುದು ತುಪ್ಪದಲ್ಲಿ ಹುರಿದ ಕಡಲೆಹಿಟ್ಟು. ಹಬ್ಬಕ್ಕೆ ಒಮ್ಮೆ ಸರಿಯಾದ ಅಳತೆಯಲ್ಲೇ ಮಾಡಿ, ತಟ್ಟೆಗೆ ಸುರಿದ ಬಿಸಿ ಇರುವಾಗಲೇ ಎಂದಿನ ಅರ್ಧ ಗಾತ್ರಕ್ಕೆ ಗೆರೆ ಎಳೆದುಬಿಡಿ. ಆರಿದ ಮೇಲೆ ಚಾಕು ಇಟ್ಟರೆ ಪುಡಿಯಾಗುತ್ತದೆ.