ಅಮ್ಮನ ನೆನಪಿನ ಪುಸ್ತಿಕೆ ಮಾಡುವುದು ಹೇಗೆ?

ತೀರಿಹೋದ ಅಮ್ಮನ ನೆನಪಿಗೆ ಮನೆಮಂದಿ ಸೇರಿ ಪುಸ್ತಿಕೆ ತರುವುದು ಈಗ ದೊಡ್ಡ ಕೆಲಸವೇನಲ್ಲ. ಫೋನಿನಲ್ಲೇ ಟೈಪ್ ಮಾಡಬಹುದು, ಹತ್ತೇ ಪ್ರತಿ ಬೇಕೆಂದರೂ ಡಿಜಿಟಲ್ ಮುದ್ರಣದಲ್ಲಿ ಸಿಗುತ್ತದೆ. ತೊಡಕಿರುವುದು ಒಳಗೆ ಏನಿರಬೇಕು ಎನ್ನುವಲ್ಲಿ. ಇಂಥ ಎಷ್ಟೋ ಪುಸ್ತಿಕೆಗಳಲ್ಲಿ ಹೆಸರೊಂದನ್ನು ಬದಲಿಸಿದರೆ ಸಾಕು, ಯಾರ ಅಮ್ಮನಿಗಾದರೂ ಒಪ್ಪುತ್ತವೆ. ತ್ಯಾಗಮಯಿ, ಕರುಣಾಮಯಿ, ಮಮತೆಯ ಮೂರ್ತಿ. ಹಾಗಾಗದಂತೆ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಮೊದಲು ಉಳಿಸಿಕೊಳ್ಳಬೇಕಾದ್ದು

ಬರೆಯಲು ಕೂರುವ ಮುಂಚೆ ಕೈತಪ್ಪಿ ಹೋಗುವಂಥವನ್ನು ಉಳಿಸಿ. ಎಲ್ಲಕ್ಕಿಂತ ಮೊದಲು ಅವರ ಫೋನ್. ರೀಸೆಟ್ ಮಾಡಿ ಇನ್ನೊಬ್ಬರ ಕೈಗೆ ಕೊಡುವ ಆತುರ ಬೇಡ. ಸಿಮ್ ಕೂಡ ಕೆಲವು ತಿಂಗಳು ಚಾಲ್ತಿಯಲ್ಲಿರಲಿ, ಖಾತೆಗಳನ್ನು ತೆರೆಯಲು ಬೇಕಾದ ಒಟಿಪಿ ಬರುವುದು ಅದಕ್ಕೇ. ವಾಟ್ಸ್‌ಆ್ಯಪ್ ಖಾತೆಯನ್ನು 120 ದಿನ ಬಳಸದೆ ಬಿಟ್ಟರೆ ಸಾಮಾನ್ಯವಾಗಿ ಅಳಿಸಿಹಾಕುತ್ತಾರೆ. ಗೂಗಲ್ ಖಾತೆಗೆ ಆ ಗಡುವು ಎರಡು ವರ್ಷ. ಅವರು ಕಳಿಸಿದ ವಾಯ್ಸ್ ಮೆಸೇಜ್‌ಗಳು ನಿಮ್ಮ ಫೋನಿನಲ್ಲೂ ಇರುತ್ತವೆ. ಚಾಟ್ ತೆರೆದು ಎಕ್ಸ್‌ಪೋರ್ಟ್ ಕೊಟ್ಟು, ಮೀಡಿಯಾ ಸಮೇತ ಎಂಬುದನ್ನು ಆರಿಸಿ. ಚಾಟ್ ತೀರಾ ಉದ್ದವಿದ್ದರೆ ಹಳೆಯದೆಲ್ಲ ಅದರಲ್ಲಿ ಬರುವುದಿಲ್ಲ; ಬೇಕಾದ ಧ್ವನಿಗಳನ್ನು ಒಂದೊಂದಾಗಿ ಆರಿಸಿ ಬೇರೆಡೆ ಉಳಿಸಬೇಕಾಗುತ್ತದೆ. ‘ಮನೆ ಮುಟ್ಟಿದೆಯಾ, ಒಂದು ಮಾತು ಹೇಳಬಾರದಾ?’ ಎನ್ನುವ ಹತ್ತು ಸೆಕೆಂಡಿನ ಧ್ವನಿಯನ್ನು ಚಿಲ್ಲರೆ ಎಂದು ಅಳಿಸಬೇಡಿ. ಮುಂದೆ ಎಲ್ಲರೂ ಕೇಳುವುದು ಅದನ್ನೇ.

ಹಳೆಯ ಕ್ಯಾಸೆಟ್ ಸಿಕ್ಕರೆ ತಕ್ಷಣ ಪ್ಲೇ ಒತ್ತಬೇಡಿ. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಆಗ ಕೈತಪ್ಪಿ ರೆಕಾರ್ಡ್ ಒತ್ತಿದರೂ ಹಳೆಯ ಧ್ವನಿ ಅಳಿಯುವುದಿಲ್ಲ. ಬಳಿಕ ಟೇಪನ್ನು ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಲುಗಾಡದ ಟೇಪು ಒಂದಕ್ಕೊಂದು ಅಂಟಿಕೊಂಡಿರಬಹುದು. ಪ್ಲೇಯರನ್ನು ಬೇರೊಂದು ಬೇಡದ ಕ್ಯಾಸೆಟ್ ಹಾಕಿ ಪರೀಕ್ಷಿಸಿಯೇ ಇದನ್ನು ಹಾಕಿ. ಕಂಪ್ಯೂಟರಿಗೆ ಇಳಿಸುವಾಗ ಮೂಲಪ್ರತಿ ಧ್ವನಿಯನ್ನು ಕುಗ್ಗಿಸದ ವೇವ್ (WAV) ಕಡತವಾಗಿರಲಿ. ಹಂಚಲು ಎಂಪಿ3 ಸಾಕು.

ಫೋಟೊಗಳಲ್ಲಿ ಹೆಚ್ಚು ಹಾನಿಯಾಗುವುದು ಪ್ಲಾಸ್ಟಿಕ್ ಹಾಳೆ ಎತ್ತಿ ಒಳಗೆ ಅಂಟಿಸುವ ಆಲ್ಬಮ್‌ಗಳಿಂದ. ಆ ಅಂಟು ಕಾಲಕ್ರಮೇಣ ಹಳದಿಗಟ್ಟಿ ಫೋಟೊವನ್ನು ಬಿಡದಂತೆ ಹಿಡಿಯುತ್ತದೆ. ಉಗುರು ಹಾಕಿ ಕೀಳಹೋದರೆ ಮೂಲೆ ಹರಿಯುತ್ತದೆ, ಇಲ್ಲವೇ ಫೋಟೊ ಮಡಚಿ ಬಿಳಿಗೆರೆ ಮೂಡುತ್ತದೆ. ಮೊದಲು ಪುಟವನ್ನು ಇದ್ದಹಾಗೇ ಸ್ಕ್ಯಾನ್ ಮಾಡಿ. ಆಮೇಲೆ ಹಲ್ಲಿನ ಸಂದಿಗೆ ಬಳಸುವ, ಮೇಣ ಇಲ್ಲದ ಫ್ಲಾಸ್ ದಾರವನ್ನು ಒಂದು ಮೂಲೆಯಿಂದ ಫೋಟೊದ ಅಡಿಗೆ ತೂರಿಸಿ, ಗರಗಸದಂತೆ ನಿಧಾನ ಅತ್ತಿತ್ತ ಎಳೆಯುತ್ತ ಬನ್ನಿ. ಬಿಗಿ ಎನಿಸಿದರೆ ಅಲ್ಲಿಗೇ ಬಿಡಿ. ಸ್ಕ್ಯಾನ್ ಇದ್ದೇ ಇದೆಯಲ್ಲ.

ಸ್ಕ್ಯಾನ್ ಮಾಡುವಾಗ ಅಂಗೈ ಅಗಲದ ಫೋಟೊಗೆ 600 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ), ಪಾಸ್‌ಪೋರ್ಟ್ ಅಳತೆಯದಕ್ಕೆ 1200, ನೆಗೆಟಿವ್‌ಗೆ ಕನಿಷ್ಠ 2400. ಸ್ಕ್ಯಾನರ್ ಇಲ್ಲದಿದ್ದರೆ ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಫೋಟೊ ಮಲಗಿಸಿ, ಫ್ಲ್ಯಾಷ್ ಬಳಸದೆ, ಫೋನನ್ನು ಸಮತಟ್ಟಾಗಿ ಹಿಡಿದು ತೆಗೆಯಿರಿ. ಸಂಬಂಧಿಕರು ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಲಿ. ಇಲ್ಲದಿದ್ದರೆ ಚಿತ್ರ ಕುಗ್ಗಿ, ಮುದ್ರಣದಲ್ಲಿ ಮುಖಗಳು ಮಸುಕಾಗುತ್ತವೆ. ಹೆಸರುಗಳನ್ನು ಫೋಟೊದ ಹಿಂದೆ ಅಂಚಿನಲ್ಲಿ ಮೆತ್ತನೆಯ 2ಬಿ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ ಒತ್ತಿದ ಗುರುತು ಮುಂದೆ ಮುಖದ ಮೇಲೇ ಏಳುತ್ತದೆ.

ಕೇಳುವುದು

ಮಕ್ಕಳು ಕಂಡ ಅಮ್ಮನೇ ಬೇರೆ, ಮೊಮ್ಮಕ್ಕಳು ಕಂಡ ಅಜ್ಜಿಯೇ ಬೇರೆ. ಮಕ್ಕಳಿಗೆ ಶಿಸ್ತಿನ ಅಮ್ಮ, ಮೊಮ್ಮಕ್ಕಳಿಗೆ ಗುಟ್ಟಿನ ಜೊತೆಗಾರ್ತಿ. ಇಬ್ಬರೂ ಕಾಣದ ಮೂರನೆಯವಳೂ ಇದ್ದಾಳೆ: ಯಾರಿಗೂ ಅಮ್ಮನಾಗುವ ಮುಂಚಿನ ಹುಡುಗಿ. ಅವಳನ್ನು ಬಲ್ಲವರು ಅವರ ಒಡಹುಟ್ಟಿದವರು ಮತ್ತು ಗೆಳತಿಯರು ಮಾತ್ರ, ಅವರಿಗೂ ವಯಸ್ಸಾಗಿರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಎಲ್ಲರಿಗಿಂತ ಹಿರಿಯರನ್ನು ಮೊದಲು ಭೇಟಿಯಾಗಿ.

‘ಅಮ್ಮ ಹೇಗಿದ್ದರು?’ ಎಂದರೆ ‘ದೇವರಂಥವರು’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಸಿಟ್ಟು ಬಂದಾಗ ಏನು ಮಾಡುತ್ತಿದ್ದರು? ದುಡ್ಡು ಎಲ್ಲಿಡುತ್ತಿದ್ದರು? ಯಾರ ಜೊತೆ ಮಾತು ಬಿಟ್ಟಿದ್ದರು, ಮತ್ತೆ ಹೇಗೆ ಆಡಿದರು? ಒಬ್ಬರೇ ಇದ್ದಾಗ ಏನು ಗುನುಗುತ್ತಿದ್ದರು? ಓದಬೇಕು, ಹೋಗಬೇಕು ಅಂದುಕೊಂಡು ಆಗದೇ ಉಳಿದದ್ದು ಯಾವುದು? ಇಂಥವಕ್ಕೆ ಜನ ಬಾಯಿಬಿಡುತ್ತಾರೆ. ನಾಲ್ಕೈದು ಫೋಟೊ ಮುಂದಿಟ್ಟರೆ ಇನ್ನೂ ಸಲೀಸು.

ಒಬ್ಬೊಬ್ಬರನ್ನೇ ಕೂರಿಸಿಕೊಳ್ಳಿ. ನಾಲ್ವರು ಸೇರಿದರೆ ಗಟ್ಟಿ ದನಿಯವರ ನೆನಪೇ ಎಲ್ಲರ ನೆನಪಾಗುತ್ತದೆ. ಮುಕ್ಕಾಲು ಗಂಟೆ ಸಾಕು. ಅವರ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ಅವರಿಂದ ಒಂದಡಿ ದೂರದಲ್ಲಿ, ಬಟ್ಟೆಯ ಮೇಲೆ ಇಡಿ. ಫ್ಯಾನ್ ಆರಿಸಿ, ಅದರ ಸದ್ದು ಕಿವಿಗಿಂತ ರೆಕಾರ್ಡಿಂಗಿನಲ್ಲಿ ಜೋರು. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ, ಮುಂದಿನ ಪ್ರಶ್ನೆಗೆ ಜಿಗಿಯಬೇಡಿ. ಮುಖ್ಯವಾದ ಮಾತು ಬರುವುದು ಸಾಮಾನ್ಯವಾಗಿ ಆಗಲೇ.

ಇಸವಿ ನೆನಪಿಲ್ಲ ಎಂದರೆ ಒತ್ತಾಯಿಸಬೇಡಿ. ‘ಆಗ ಯಾವ ಮನೆಯಲ್ಲಿದ್ದಿರಿ? ಯಾವ ಮಗು ಹುಟ್ಟಿತ್ತು?’ ಎಂದು ಕೇಳಿದರೆ ವರ್ಷ ತಾನಾಗೇ ತಿಳಿಯುತ್ತದೆ. ದಾಖಲೆಯ ಹುಟ್ಟುದಿನಕ್ಕೂ ಮನೆಯವರು ಹೇಳುವುದಕ್ಕೂ ಹೊಂದದಿದ್ದರೆ ಎರಡನ್ನೂ ಬರೆಯಿರಿ. ಒಂದೇ ಘಟನೆಯನ್ನು ಅಣ್ಣ ಒಂದು ಥರ, ತಂಗಿ ಇನ್ನೊಂದು ಥರ ಹೇಳಿದಾಗಲೂ ಅಷ್ಟೇ: ಇಬ್ಬರ ಹೆಸರು ಹಾಕಿ ಇಬ್ಬರದನ್ನೂ ಕೊಡಿ. ತೀರ್ಪು ಕೊಡಹೋದರೆ ಪುಸ್ತಿಕೆ ಜಗಳದಲ್ಲಿ ನಿಲ್ಲುತ್ತದೆ.

ಬರೆಯುವುದು

ಗುಣವಾಚಕ ಬಂದ ಕಡೆಯೆಲ್ಲ ಅಡಿಗೆರೆ ಎಳೆದು ‘ಯಾವಾಗ? ಹೇಗೆ?’ ಎಂದು ಕೇಳಿ. ‘ಅಮ್ಮನಿಗೆ ಎಲ್ಲರ ಮೇಲೂ ಅಪಾರ ಕಾಳಜಿ’ ಎಂಬ ಸಾಲು ಇದೆ ಎನ್ನಿ. ಕೆದಕಿದರೆ ಸಿಗುವುದು ಹೀಗಿರಬಹುದು: ‘ಯಾರು ಎಷ್ಟು ತಡವಾಗಿ ಬರಲಿ, ಬರುವವರೆಗೆ ಹಜಾರದ ದೀಪ ಆರಿಸುತ್ತಿರಲಿಲ್ಲ. ಬಂದ ಕೂಡಲೇ ಏಕೆ ತಡ ಎಂದು ಕೇಳುತ್ತಲೂ ಇರಲಿಲ್ಲ. ಕೇಳುತ್ತಿದ್ದುದು ಮರುದಿನ ಬೆಳಿಗ್ಗೆ.’ ಈಗ ಕಾಳಜಿ ಎಂಬ ಪದವನ್ನೇ ತೆಗೆದುಹಾಕಬಹುದು. ಅವರ ಮುಂಗೋಪವೂ ಹಟವೂ ಇರಲಿ. ಹಟವಿಲ್ಲದ ಅಮ್ಮನನ್ನು ಮೊಮ್ಮಕ್ಕಳೇ ನಂಬುವುದಿಲ್ಲ. ಆದರೆ ಬದುಕಿರುವ ಒಬ್ಬರನ್ನು ನೋಯಿಸುವ ಪ್ರಸಂಗವಿದ್ದರೆ ಅವರಿಗೆ ಮೊದಲೇ ತೋರಿಸಿ, ಬೇಡವೆಂದರೆ ಬಿಡಿ. ಕೊನೆಯ ಕಾಯಿಲೆಗೆ ಒಂದು ಪ್ಯಾರಾ ಸಾಕು. ಆಸ್ಪತ್ರೆಯ ದಿನಗಳು ಮನಸ್ಸಿನಲ್ಲಿ ಹಸಿಯಾಗಿರುವುದರಿಂದ ಅವೇ ಪುಟಗಳನ್ನೆಲ್ಲ ನುಂಗಿಬಿಡುತ್ತವೆ.

ಐದಾರು ಜನ ಬರೆದದ್ದನ್ನು ಜೋಡಿಸುವಾಗ ಒಂದು ತೊಂದರೆ ಖಂಡಿತ ಬರುತ್ತದೆ. ಒಬ್ಬರು ‘ಅಮ್ಮ ಬಂದಳು’ ಎನ್ನುತ್ತಾರೆ, ಇನ್ನೊಬ್ಬರು ‘ಬಂದರು’, ಮತ್ತೊಬ್ಬರು ‘ಅಜ್ಜಿ ಬಂತು’. ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಬೇಡಿ, ಅವರವರ ಬರಹದಲ್ಲಿ ಅವರವರ ಸಲುಗೆ ಹಾಗೇ ಇರಲಿ. ಬದುಕಿನ ವಿವರ ಕೊಡುವ ಮೊದಲ ಭಾಗದಲ್ಲಿ ಮಾತ್ರ ಹೆಸರು ಹಿಡಿದು, ಬಹುವಚನದಲ್ಲಿ ಬರೆಯಿರಿ.

ಪುಟ ಮಾಡುವಾಗ

ಎಲ್ಲರೂ ಯಾವ ಫೋನು, ಕಂಪ್ಯೂಟರಿನಲ್ಲಾದರೂ ಓದಬರುವ ಅಕ್ಷರ ವ್ಯವಸ್ಥೆಯಾದ ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸಲಿ. ಹಳೆಯ ಫಾಂಟುಗಳಿಂದ ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಹೆಸರುಗಳೇ ಮೊದಲು ಬಲಿಯಾಗುತ್ತವೆ. ಎ5 ಅಳತೆ (ಎ4 ಹಾಳೆಯ ಅರ್ಧ), 13 ಅಥವಾ 14 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ. ಅದಕ್ಕಿಂತ ಬಿಗಿಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. ಮಿಕ್ಕ ಪುಟಗಳಿಗೆ ಅವರ ಕೈಬರಹ ಹಾಕಿ, ಲೆಕ್ಕದ ಚೀಟಿಯಾದರೂ ಸರಿ.

ಅಚ್ಚಿಗೆ ಕೊಡುವ ಮುನ್ನ ದಪ್ಪಕ್ಷರದಲ್ಲಿ ಒಂದು ಪ್ರತಿ ತೆಗೆದು ಮನೆಯ ಹಿರಿಯರೊಬ್ಬರಿಗೆ ಓದಲು ಕೊಡಿ. ಕಾಗುಣಿತಕ್ಕಲ್ಲ, ಫೋಟೊ ಕೆಳಗಿನ ಹೆಸರು, ಎಡ ಬಲ ಅದಲುಬದಲು, ಬಿಟ್ಟುಹೋದ ಮೊಮ್ಮಗು, ಇವನ್ನು ಹಿಡಿಯುವವರು ಅವರೇ. ಮುದ್ರಣವಾದ ಮೇಲೆ ಪಿಡಿಎಫ್, ಮೂಲ ಸ್ಕ್ಯಾನ್‌ಗಳು, ಧ್ವನಿಗಳು ಮೂರು ಕಡೆ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನಲ್ಲಿರುವವರ ಬಳಿ. ವರ್ಷಕ್ಕೊಮ್ಮೆ ತೆರೆದು ನೋಡುವ ಕೆಲಸವನ್ನು ಒಬ್ಬರಿಗೆ ಹೆಸರು ಹೇಳಿಯೇ ವಹಿಸಿ. ಎಲ್ಲರೂ ನೋಡುತ್ತಾರೆ ಎಂದುಕೊಂಡ ಡಿಸ್ಕನ್ನು ಯಾರೂ ನೋಡಿರುವುದಿಲ್ಲ.